ಘನ ವಾಹನಗಳ ದೋಷಸಂಕೇತ: ದುರಸ್ತಿ ಬಿಲ್ಲಿಗೆ ಮುನ್ನ ತಿಳಿದಿರಬೇಕಾದ ಅಂಶಗಳು

ಕಳೆದ ಮಳೆಗಾಲದಲ್ಲಿ ನಮ್ಮ ಗ್ರಾಮ ಪಂಚಾಯತಿನ ತ್ಯಾಜ್ಯ ಸಾಗಣೆ ಲಾರಿಯಲ್ಲಿ ಆಯಿಲ್ ಒತ್ತಡದ ಎಚ್ಚರಿಕೆ ದೀಪ ಬೆಳಗಿತು. ಆಯಿಲ್ ಪಂಪ್ ಬದಲಿಸಲು ಅಂದಾಜುಪಟ್ಟಿಯೂ ಕಚೇರಿಗೆ ಬಂದಿತು. ಮಂಜೂರಾತಿಗೆ ಮುನ್ನ ದೋಷಸಂಕೇತವನ್ನು ಓದಿಸಿದಾಗ 100 ಮತ್ತು 4 ಎಂಬ ಎರಡು ಸಂಖ್ಯೆಗಳು ಕಂಡವು. ಗೇಜ್ ಜೋಡಿಸಿ ಅಳೆದರೆ ಒತ್ತಡ ಸರಿಯಾಗಿಯೇ ಇತ್ತು. ಸೆನ್ಸರಿನ ತಂತಿ ಸವೆದು ಚಾಸಿಗೆ ತಗುಲುತ್ತಿತ್ತು. ಪಂಪ್ ಬದಲಿಸುವ ಪ್ರಮೇಯವೇ ಬರಲಿಲ್ಲ.

ಪಣಂಬೂರು ಬಂದರಿನಿಂದ ಪಡೀಲ್ ಮಾರ್ಗವಾಗಿ ಶಿರಾಡಿ ಘಾಟಿ ಏರುವ ಇಂದಿನ ಲಾರಿಗಳಲ್ಲಿ ಎಂಜಿನ್, ಬ್ರೇಕ್, ಮೀಟರ್ ಫಲಕಗಳಿಗೆ ಪ್ರತ್ಯೇಕ ವಿದ್ಯುನ್ಮಾನ ಘಟಕಗಳಿರುತ್ತವೆ. ಇವೆಲ್ಲವೂ ಎರಡೇ ತಂತಿಗಳ ಮೂಲಕ ಮಾಹಿತಿ ವಿನಿಮಯ ಮಾಡಿಕೊಳ್ಳುವ 'ಕ್ಯಾನ್' ವ್ಯವಸ್ಥೆಯನ್ನು ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿತು. ಅದರ ಮೇಲೆ ಘನ ವಾಹನಗಳಿಗಾಗಿ ರೂಪಿಸಿದ ಸಮಾನ ಭಾಷೆಯೇ ಎಸ್.ಎ.ಇ. ಜೆ1939 ಮಾನದಂಡ. ಇದರಲ್ಲಿ ಸೆಕೆಂಡಿಗೆ 2,50,000 ಅಥವಾ 5,00,000 ಬಿಟ್‌ಗಳು ಹರಿಯುತ್ತವೆ. ಪ್ರತಿ ಸಂದೇಶದ 29 ಬಿಟ್‌ಗಳ ತಲೆಬರಹವು ಸಂದೇಶದ ಆದ್ಯತೆ, ವಿಷಯ ಮತ್ತು ಕಳುಹಿಸಿದ ಘಟಕವನ್ನು ತಿಳಿಸುತ್ತದೆ. ಎರಡು ಘಟಕಗಳು ಒಮ್ಮೆಗೇ ಸಂದೇಶ ಕಳುಹಿಸಿದರೆ ಹೆಚ್ಚಿನ ಆದ್ಯತೆಯದು ಮುಂದೆ ಸಾಗುತ್ತದೆ, ಇನ್ನೊಂದು ಕಾಯುತ್ತದೆ.

ದೋಷಸಂಕೇತದ ಮೊದಲ ಸಂಖ್ಯೆ (ಎಸ್.ಪಿ.ಎನ್.) ಯಾವ ಅಂಶವೆಂಬುದನ್ನು ಸೂಚಿಸುತ್ತದೆ: 100 ಎಂದರೆ ಎಂಜಿನ್ ಆಯಿಲ್ ಒತ್ತಡ, 110 ಎಂದರೆ ಕೂಲೆಂಟ್ ತಾಪಮಾನ. ಎರಡನೆಯದು (ಎಫ್.ಎಂ.ಐ.) ದೋಷದ ಬಗೆಯನ್ನು ಹೇಳುತ್ತದೆ. 100ರ ಜೊತೆ 1 ಬಂದರೆ ಒತ್ತಡವು ಅಪಾಯಕಾರಿ ಮಟ್ಟಕ್ಕೆ ಕುಸಿದಿದೆಯೆಂದು ಅರ್ಥ. ಎಂಜಿನನ್ನು ತಕ್ಷಣ ನಿಲ್ಲಿಸಬೇಕು. 4 ಬಂದರೆ ಸೆನ್ಸರ್ ಮಂಡಲದ ವೋಲ್ಟೇಜ್ ಕಡಿಮೆಯಿದೆ. ಒತ್ತಡವನ್ನು ಖಚಿತಪಡಿಸಿಕೊಂಡು ಮೊದಲು ತಂತಿಯನ್ನು ನೋಡಬೇಕು. ದೀಪ ಒಂದೇ ಆದರೂ ಖರ್ಚು ಒಂದೇ ಅಲ್ಲ.

ಹೆಣೆದ ಈ ಎರಡು ತಂತಿಗಳ ಎರಡೂ ತುದಿಗಳಲ್ಲಿ 120 ಓಮ್ ರೋಧಕಗಳಿರುತ್ತವೆ. ಬ್ಯಾಟರಿ ಸಂಪರ್ಕ ತೆಗೆದು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ರೋಧಕ ಕಳಚಿದೆ ಅಥವಾ ತಂತಿ ತುಂಡಾಗಿದೆ. 40 ಬಂದರೆ ಯಾರೋ ಹೆಚ್ಚುವರಿ ರೋಧಕ ಸೇರಿಸಿದ್ದಾರೆ. ಕರಾವಳಿಯ ತೇವದಲ್ಲಿ ಕನೆಕ್ಟರ್‌ಗಳು ಪಾಚಿಬಣ್ಣಕ್ಕೆ ತಿರುಗುವುದೂ, ಜಿ.ಪಿ.ಎಸ್. ಅಳವಡಿಸುವಾಗ ತಂತಿ ಸುಲಿದು ಬೆಸೆಯುವುದೂ ಸಂದೇಶ ಕೆಡಲು ಕಾರಣವಾಗುತ್ತವೆ.

ಆದ್ದರಿಂದ ಅಭಿವೃದ್ಧಿ ಅಧಿಕಾರಿಗಳು ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಅಂದಾಜುಪಟ್ಟಿಯೊಂದಿಗೆ ಎರಡೂ ಸಂಖ್ಯೆಗಳನ್ನು ಲಿಖಿತವಾಗಿ ಪಡೆಯುವುದು.
2. ದುರಸ್ತಿಯ ನಂತರ ಸಂಕೇತವನ್ನು ಮತ್ತೆ ಓದಿಸಿ, ವಾಹನದ ಲಾಗ್ ಪುಸ್ತಕದಲ್ಲಿ ದಾಖಲಿಸುವುದು.
3. ಹೊಸ ಉಪಕರಣಗಳನ್ನು ತಯಾರಕರು ಸೂಚಿಸಿದ ಕನೆಕ್ಟರ್ ಮೂಲಕವೇ ಜೋಡಿಸುವುದು.

ಮನೆಮನೆಯಿಂದ ಕಸ ಸಂಗ್ರಹಿಸುವ ಸಣ್ಣ ವಾಹನಗಳಲ್ಲಿ ಸಂಕೇತಗಳ ರೂಪ ಬೇರೆಯಿರಬಹುದು. ಅವುಗಳಿಗೆ ಆಯಾ ಕೈಪಿಡಿಯನ್ನು ನೋಡತಕ್ಕದ್ದು. ಲಾರಿ ಒಂದು ದಿನ ನಿಂತರೂ ತ್ಯಾಜ್ಯ ಘಟಕದ ಮುಂದೆ ಕಸ ರಾಶಿ ಬೀಳುತ್ತದೆ. ಎರಡು ಸಂಖ್ಯೆಗಳನ್ನು ಕೇಳಲು ತಗಲುವ ಸಮಯ ಅದಕ್ಕಿಂತ ಬಹಳ ಕಡಿಮೆ.