ಶೌಚಾಲಯವಿದೆ, ಅಜ್ಜಿಗೆ ಕೂರಲಾಗದು

ಮೊಣಕಾಲು ನೋವೆಂದು ಬರುವ ವೃದ್ಧೆಯರಲ್ಲಿ ಎಷ್ಟೋ ಮಂದಿ ಹಗಲಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಅದೂ ಬಾಗಲವಾಡದ ಬಿಸಿಲಿನಲ್ಲಿ! ಕಾರಣ ಕೇಳಿದರೆ ನಾಚಿಕೊಂಡು ಹೇಳುತ್ತಾರೆ: ಕುಡಿದರೆ ಪಾಯಿಖಾನೆಗೆ ಹೋಗಬೇಕು, ಕುಳಿತರೆ ಏಳಲಾಗದು, ಎಬ್ಬಿಸಲು ಸೊಸೆಯನ್ನು ಕೂಗಬೇಕು. ಹೀಗೆ ಮಲಬದ್ಧತೆ, ಉರಿಮೂತ್ರ, ಸೋಂಕು ಒಂದರ ಹಿಂದೊಂದು ಬರುತ್ತವೆ. ನಾವು ಕೊಡುವ ಸೂರಂಜಾನ್ ನೋವು ತಗ್ಗಿಸೀತು. ಕುಳಿತವರನ್ನು ಎಬ್ಬಿಸಲು ಗೋಡೆಗೊಂದು ಹಿಡಿಕೆಯೇ ಬೇಕು.

ಇದಕ್ಕೆ ನೆರವಾಗುವ ಸರಕಾರಿ ಹಣವಿದೆ. ಸ್ವಚ್ಛ ಭಾರತ್ ಮಿಷನ್‌ನಲ್ಲಿ ಹಳ್ಳಿಯ ಬಡ ಕುಟುಂಬಗಳಿಗೆ ಶೌಚಾಲಯ ಕಟ್ಟಲು 12,000 ರೂಪಾಯಿ ಪ್ರೋತ್ಸಾಹಧನ ನಿಗದಿಯಾಗಿತ್ತು. ಬಡತನ ರೇಖೆಗಿಂತ ಮೇಲಿದ್ದರೂ ಮನೆಯಲ್ಲಿ ಅಂಗವಿಕಲರಿದ್ದರೆ ಅರ್ಹತೆಯಿತ್ತು. ಅಂಗವಿಕಲರ ಮನೆಯ ಶೌಚಾಲಯ ಹೇಗಿರಬೇಕೆಂದು 2015ರಲ್ಲಿ ಕೇಂದ್ರ ಸರಕಾರ ಕೈಪಿಡಿಯನ್ನೂ ತಂದಿತು. ಆದರೂ ಮೇಸ್ತ್ರಿ ಎಲ್ಲರಿಗೂ ಕಟ್ಟುವುದು ಅದೇ ಇಕ್ಕಟ್ಟಿನ ಕೋಣೆ, ಎರಡು ಮೆಟ್ಟಿಲು, ಕುಕ್ಕರುಗಾಲಲ್ಲಿ ಕೂರುವ ಬೇಸಿನ್. ಆದ್ದರಿಂದ ಪಾಯ ತೋಡುವ ಮೊದಲೇ ನಿಮ್ಮ ಮನೆಯ ಹಿರಿಯರ ಸ್ಥಿತಿಯನ್ನು ಅವನಿಗೆ ಹೇಳಿ.

ಈಗಾಗಲೇ ಕಟ್ಟಿಸಿದ್ದೀರಾ? ಗ್ರಾಮ ಪಂಚಾಯಿತಿ ತನ್ನ ಹಣದಲ್ಲಿ ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಹಿಡಿಕೆ, ಇಳಿಜಾರು ದಾರಿ, ಕಮೋಡ್ ಬೇಕೆಂದು ಪಿಡಿಒ ಅವರಿಗೆ ಲಿಖಿತ ಅರ್ಜಿ ಕೊಡಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಬರೆಯಲು ನೆರವಾಗುತ್ತಾರೆ. ಗ್ರಾಮಸಭೆಯಲ್ಲೂ ವಿಷಯ ಎತ್ತಿ. ಪಾಯಿಖಾನೆಯ ಮಾತನ್ನು ನಾಲ್ಕು ಜನರೆದುರು ಆಡಲು ನಮ್ಮವರು ಹಿಂಜರಿಯುತ್ತಾರೆ, ಹಣ ಬೇರೆಡೆಗೆ ಹೋಗುತ್ತದೆ. ಲಕ್ವಾ ಹೊಡೆದು ಕೈಕಾಲು ಸ್ವಾಧೀನ ಕಳೆದುಕೊಂಡವರಿಗೆ ಯುಡಿಐಡಿ ಕಾರ್ಡ್ ಮಾಡಿಸಿ. ಬರೀ ವಯಸ್ಸಿನ ತೊಂದರೆಯಾದರೆ, 60 ದಾಟಿದ ಬಿಪಿಎಲ್ ಕುಟುಂಬದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. 2017ರಲ್ಲಿ ಆರಂಭವಾದ ಇದರಲ್ಲಿ ವಾಕರ್, ಊರುಗೋಲು, ಕಮೋಡ್ ಕುರ್ಚಿ ಉಚಿತ. ರಾಯಚೂರಿನ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆಯಲ್ಲಿ ವಿಚಾರಿಸಿ.

ಅಳತೆ ನೆನಪಿರಲಿ. ಕಮೋಡಿನ ಎತ್ತರ ಸುಮಾರು 18 ಇಂಚು. ಒಂದಡಿ ಏರಲು ಇಳಿಜಾರು ದಾರಿ 12 ಅಡಿ ಉದ್ದ ಬೇಕು, ಕಡಿದಾದರೆ ಗಾಲಿಕುರ್ಚಿ ಹಿಂದಕ್ಕೆ ಉರುಳುತ್ತದೆ. ಹಿಡಿಕೆಗೆ ಜಿಐ ಪೈಪು ಸಾಕು, ಗೋಡೆಯೊಳಗೆ ಸಿಮೆಂಟು ಹಾಕಿ ಕೂರಿಸಿ. ಲಕ್ವಾ ಆದವರಿಗೆ ಅದು ಬಲವಿರುವ ಕೈಯ ಕಡೆ ಇರಲಿ. ನುಣುಪು ಟೈಲ್ಸ್ ಬೇಡವೇ ಬೇಡ, ಒರಟು ಪರಸಿ ಒಳ್ಳೆಯದು. ವುಝೂ ಮಾಡಲು ನಲ್ಲಿಯ ಬಳಿ ಅಲುಗಾಡದ ಸ್ಟೂಲ್ ಇಡಿ. ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರ ಮೈ ಅಡ್ಡವಾದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಯಾರಿಂದಲೂ ದೂಡಲಾಗದು.