ಮಕ್ಕಳ ಧ್ವನಿಮುದ್ರಣವೂ ಮನೆಯ ಹಿರಿಯರ ದನಿಯೂ

ವಿದ್ಯಾರ್ಥಿಗಳ ತಂತ್ರಜ್ಞಾನ ಸ್ಪರ್ಧೆಗಳಲ್ಲಿ ಇಂದು ಧ್ವನಿಮುದ್ರಣಕ್ಕೂ ಸ್ಥಾನ ದೊರೆಯುತ್ತಿದೆ. ಗಣಕಯಂತ್ರದ ನೆರವಿನಿಂದ ಹಾಡನ್ನೋ ರೂಪಕವನ್ನೋ ಸಿದ್ಧಪಡಿಸುವ ಈ ಕೆಲಸಕ್ಕೆ ದೊಡ್ಡ ಸ್ಟುಡಿಯೋ ಬೇಕೆಂದು ನಮ್ಮ ಕುರುಬರಹಳ್ಳಿಯ ತಂದೆತಾಯಿಗಳು ಹಿಂಜರಿಯಬೇಕಾಗಿಲ್ಲ. ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಬಂದಿತು.

ಗಣಕಯಂತ್ರವು ಧ್ವನಿಯನ್ನು ಅಂಕಿಗಳಾಗಿ ಬರೆದಿಡುತ್ತದೆ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆಯಲಾಗಿರುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಗ್ರಹಿಸಬಲ್ಲದು. ಅದರ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆಯುವುದರಿಂದ ಕೇಳಬಲ್ಲ ಯಾವ ಸ್ವರವೂ ತಪ್ಪಿಹೋಗದು. 2000ದಲ್ಲಿ ಬಿಡುಗಡೆಯಾದ ‘ಆಡಾಸಿಟಿ’ ಎಂಬ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಗೋಡೆಗೆ ಕಂಬಳಿ ಇಳಿಬಿಟ್ಟು, ಮೈಕನ್ನು ಬಾಯಿಂದ ಗೇಣುದೂರದಲ್ಲಿಟ್ಟರೆ ಬೀದಿಯ ವಾಹನಗಳ ಗದ್ದಲ ಬಹುಮಟ್ಟಿಗೆ ತಗ್ಗುವುದು. ಎಂ.ಪಿ.3 ರೂಪದಲ್ಲಿ ಧ್ವನಿಯ ಕೆಲವಂಶ ಕಳೆದುಹೋಗುವುದರಿಂದ ಮೂಲಪ್ರತಿಯನ್ನು ‘ವೇವ್’ ರೂಪದಲ್ಲಿ ಕಾಪಾಡುವುದು ಲೇಸು.

ಆದರೆ ಯಂತ್ರಕ್ಕಿಂತ ಮುಖ್ಯವಾದುದು ವಸ್ತು. ಸಿನಿಮಾ ಹಾಡಿನ ತುಣುಕುಗಳನ್ನು ಜೋಡಿಸಿ ಒಪ್ಪಿಸಿದರೆ ಅದು ಮಕ್ಕಳ ಸ್ವಂತ ದುಡಿಮೆ ಎನಿಸದು. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಗಾಯಕರೊಬ್ಬರು ಹಾಡಿ ಪ್ರಕಟಿಸಿದ ಧ್ವನಿಮುದ್ರಿಕೆಗೆ ನಮ್ಮ ದೇಶದ ಕಾನೂನು 60 ವರ್ಷಗಳ ಹಕ್ಕುಸ್ವಾಮ್ಯ ನೀಡಿದೆ. ಆದುದರಿಂದ ತಾವೇ ಹಾಡಿ, ತಾವೇ ಮುದ್ರಿಸಿಕೊಳ್ಳುವುದು ಯೋಗ್ಯ. ತನ್ನ ಕೈಯ ದುಡಿಮೆಯನ್ನೇ ಅರ್ಪಿಸಬೇಕೆಂಬ ಕಾಯಕದ ನೀತಿ ಇಲ್ಲಿಯೂ ಸಲ್ಲುತ್ತದೆ.

ಇನ್ನು, ನಮ್ಮ ಅನೇಕ ಮನೆಗಳಲ್ಲಿ ಊರಿನಿಂದ ಬಂದು ನೆಲೆಸಿದ ಅಜ್ಜಿಯರಿದ್ದಾರೆ. ಬೀಸುವ ಪದ, ಸೋಬಾನೆ, ತೊಟ್ಟಿಲ ಹಾಡು ಅವರ ನಾಲಗೆಯ ಮೇಲಿವೆ. ಅವುಗಳಲ್ಲಿ ಅನೇಕವು ಯಾವ ಪುಸ್ತಕದಲ್ಲಿಯೂ ಅಚ್ಚಾಗಿಲ್ಲದೆ ಇರಬಹುದು. ಅವರ ಒಪ್ಪಿಗೆ ಪಡೆದು, ಹಾಡು ಕಲಿತ ಊರನ್ನೂ ಕಲಿಸಿದವರನ್ನೂ ಕೇಳಿ ಬರೆದುಕೊಂಡು, ಮೊಮ್ಮಕ್ಕಳು ಆ ದನಿಯನ್ನು ಮುದ್ರಿಸಿಕೊಳ್ಳಲಿ. ತಪ್ಪಿದ ಶ್ರುತಿಯನ್ನು ಗಣಕಯಂತ್ರ ತಿದ್ದಬಲ್ಲದು. ದಾಖಲಾಗದೆ ಮರೆಯಾದ ಹಾಡನ್ನು ಮರಳಿ ತರಲಾರದು.

ಸ್ಪರ್ಧೆಯಲ್ಲಿ ಬಹುಮಾನ ಒಬ್ಬಿಬ್ಬರಿಗೆ ಮಾತ್ರ ಸಲ್ಲಬಹುದು. ಆದರೆ ಈ ಕೆಲಸ ಕೈಗೊಂಡ ಪ್ರತಿ ಮನೆಯಲ್ಲಿಯೂ ಒಂದು ಅಮೂಲ್ಯ ದನಿ ಉಳಿಯುವುದು. ಬರುವ ರಜೆಯಲ್ಲಿಯೇ ಮಕ್ಕಳನ್ನು ಈ ಕಾರ್ಯಕ್ಕೆ ತೊಡಗಿಸಬೇಕೆಂದು ಹಿರಿಯರಲ್ಲಿ ವಿನಂತಿಸುತ್ತೇವೆ.