ಇಂದು ಎಷ್ಟು ಮೈಲಿ?

ವಿಜಯಪುರ ಜಿಲ್ಲೆಯ ಪಶ್ಚಿಮಕ್ಕೆ, ತಿಕೋಟಾ ಸೀಮೆಯಲ್ಲಿ, ಘೋಣಸಗಿಯಂತಹ ಹಳ್ಳಿಗಳ ಹಾದಿಯಲ್ಲಿ ನಸುಕಿನ ಹೊತ್ತು ಹೊರಟವರಿಗೆ ಓಡುವ ಹೆಜ್ಜೆಗಳ ಸಪ್ಪಳ ಹೊಸದಲ್ಲ. ಒಂದು ಬದಿಗೆ ಜೋಳದ ಎರೆಹೊಲ, ಇನ್ನೊಂದು ಬದಿಗೆ ದ್ರಾಕ್ಷಿಯ ತೋಟ. ನಡುವಣ ಡಾಂಬರು ರಸ್ತೆಯ ಮೇಲೆ ಇಬ್ಬರೋ ಮೂವರೋ ತರುಣರು ಉಸಿರು ಹಿಡಿದು ಓಡುತ್ತಿರುತ್ತಾರೆ. ನಗರದ ಕಡೆಗೆ ಬಂದರೆ ಓಡುವವರ ವಯಸ್ಸೂ ಉದ್ಯೋಗವೂ ಬದಲಾಗುತ್ತವೆ. ಅಲ್ಲಿ ಗುಮಾಸ್ತರು, ಉಪಾಧ್ಯಾಯರು, ವೈದ್ಯರು, ನಿವೃತ್ತರು. ಇತ್ತೀಚಿನ ವರ್ಷಗಳಲ್ಲಿ ಗೃಹಿಣಿಯರೂ ಉಂಟು. ಇವರು ಒಬ್ಬರನ್ನೊಬ್ಬರು ಎದುರುಗೊಂಡಾಗ ಕೇಳುವ ಕುಶಲಪ್ರಶ್ನೆ ಒಂದೇ: "ಇವತ್ತು ಎಷ್ಟಾಯಿತು?"

ಪದಕ ಗೆಲ್ಲುವ ಹಂಬಲವಾಗಲಿ, ಪತ್ರಿಕೆಯಲ್ಲಿ ಹೆಸರು ಬರಬೇಕೆಂಬ ಆಸೆಯಾಗಲಿ ಇವರಲ್ಲಿ ಹೆಚ್ಚಿನವರಿಗೆ ಇಲ್ಲ. ಕಳೆದ ವಾರ ಮೂರು ಮೈಲಿಗೆ ಬಸವಳಿದವರು ಈ ವಾರ ನಾಲ್ಕು ಮುಗಿಸಿದರೆ ಅದೇ ಹಬ್ಬ. ಮೊಣಕಾಲು ನೊಂದು ಹತ್ತು ದಿನ ಮನೆಯಲ್ಲಿ ಕುಳಿತರೆ ಅದೇ ಸೂತಕ. ಹೊರಗಿನವರಿಗೆ ಹುಚ್ಚಿನಂತೆ ತೋರುವ ಈ ಹವ್ಯಾಸಕ್ಕೆ ನಮ್ಮ ನಾಡಿನಲ್ಲಿ ಒಂದು ಶತಮಾನಕ್ಕೂ ಮಿಕ್ಕ ಇತಿಹಾಸವಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಬೆಳಗಾವಿಯ ಫಡೆಪ್ಪ

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಓಟದ ಪಂದ್ಯಗಳು ನಡೆದವು. ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ಅವರು ದೂರದ ಓಟದಲ್ಲಿ ಪಾಲ್ಗೊಂಡವರನ್ನು ಕಂಡು ಬೆರಗಾದರು. ಓಡಿದವರಲ್ಲಿ ಹೆಚ್ಚಿನವರು ರೈತಾಪಿ ಮಂದಿ. ಕಾಲಿಗೆ ಬೂಟಿಲ್ಲ, ಕಲಿಸಿದ ಗುರುವಿಲ್ಲ, ಪಾಶ್ಚಾತ್ಯರ ನಿಯಮಗಳ ಪರಿಚಯವಂತೂ ಮೊದಲೇ ಇಲ್ಲ. ಆದರೂ ಅವರು ತೆಗೆದುಕೊಂಡ ಕಾಲ ಯುರೋಪಿನ ಓಟಗಾರರ ಕಾಲಕ್ಕೆ ತೀರ ಹಿಂದೆ ಬೀಳುವಂತಿರಲಿಲ್ಲ. ಇವರನ್ನು ಒಲಿಂಪಿಕ್ಸಿಗೆ ಏಕೆ ಕಳುಹಬಾರದು ಎಂಬ ಯೋಚನೆ ಟಾಟಾ ಅವರಿಗೆ ಹೊಳೆದದ್ದು ಆಗಲೇ. ಮರುವರ್ಷ, ಅಂದರೆ 1920ರಲ್ಲಿ, ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರಕ್ಕೆ ಹೋದ ಚಿಕ್ಕ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ತರುಣನಿದ್ದನು.

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರ್ ಎಂದು ವಿಧಿಯಾದದ್ದು 1921ರಲ್ಲಿ. ಅದಕ್ಕೆ ಮುಂಚೆ ಒಂದೊಂದು ಊರಿನಲ್ಲಿ ಒಂದೊಂದು ದೂರ. ಆಂಟ್‌ವರ್ಪಿನಲ್ಲಿ ಓಡಬೇಕಾಗಿದ್ದುದು 42.75 ಕಿಲೋಮೀಟರ್. ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮಾಯಿನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದನು. ಜೊತೆಗೆ ಹೊರಟ ಭಾರತದ ಇನ್ನೊಬ್ಬ ಓಟಗಾರ ದಾತಾರ್ ಅವರಿಗೆ ಓಟ ಮುಗಿಸಲಾಗಲಿಲ್ಲ. ನಮ್ಮ ಫಡೆಪ್ಪನು 2 ಗಂಟೆ 50 ನಿಮಿಷ 45 ಸೆಕೆಂಡುಗಳಿಗೆ ಗುರಿ ಮುಟ್ಟಿ ಹತ್ತೊಂಬತ್ತನೆಯವನಾದನು. ಲೆಕ್ಕ ಹಾಕಿ ನೋಡಿದರೆ ನಾಲ್ಕು ನಿಮಿಷಕ್ಕೆ ಒಂದು ಕಿಲೋಮೀಟರ್. ಅದೇ ವೇಗ ಮೂರು ಗಂಟೆಗೆ ಹತ್ತಿರ ಹತ್ತಿರ. ಈ ಅಂಕಿಯನ್ನು ವಾಚಕರು ತುಸು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ.

ನಾಲ್ಕು ಸುತ್ತಿನ ಮೇಲೆ ನಿಂತ ಬಾಳು

ಹಳ್ಳಿಯ ರಸ್ತೆಯಲ್ಲಿ ಓಡುವ ತರುಣನಿಗೆ ಓಟ ಕೇವಲ ಹವ್ಯಾಸವಲ್ಲ, ಅನ್ನದ ಪ್ರಶ್ನೆ. ಮಳೆಯನ್ನೇ ನಂಬಿದ ಬೇಸಾಯ. ಮನೆಯಲ್ಲಿ ಅಣ್ಣತಮ್ಮಂದಿರು ನಾಲ್ವರಿದ್ದರೆ ಇರುವ ಹೊಲ ನಾಲ್ಕು ಪಾಲು. ಇಂತಹ ಮನೆಯ ಹುಡುಗನಿಗೆ ಪೊಲೀಸ್ ಇಲಾಖೆ ಅಥವಾ ಸೈನ್ಯದ ಕೆಲಸವೆಂದರೆ ಇಡೀ ಕುಟುಂಬದ ಆಸರೆ. ಆ ಕೆಲಸದ ಬಾಗಿಲಲ್ಲಿ ಕಾದು ನಿಂತಿರುವುದು 1600 ಮೀಟರ್ ಓಟ, ಅಂದರೆ ಕ್ರೀಡಾಂಗಣದ ನಾಲ್ಕು ಸುತ್ತು. ಕರ್ನಾಟಕದ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಗಂಡಸರು ಅದನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಬೇಕೆಂಬುದು ಬಳಕೆಯಲ್ಲಿ ಬಂದ ನಿಯಮ. ಸೈನ್ಯದ ಭರತಿಯಲ್ಲಿ ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ಣ 60 ಅಂಕ.

ಆರೂವರೆ ನಿಮಿಷಕ್ಕೆ 1600 ಮೀಟರ್ ಎಂದರೆ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು. ಇಂದಿನ ತರುಣನು ನಾಲ್ಕು ಸುತ್ತು ಯಾವ ವೇಗದಲ್ಲಿ ಓಡಲು ತಿಂಗಳುಗಟ್ಟಲೆ ಹೆಣಗುತ್ತಾನೋ, ಅದಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಬೆಳಗಾವಿಯ ಫಡೆಪ್ಪನು ಅಂತಹ ಇಪ್ಪತ್ತಾರಕ್ಕೂ ಮಿಕ್ಕ ಓಟಗಳನ್ನು ಒಂದರ ಬೆನ್ನಿಗೆ ಒಂದು ಓಡಿದಂತಾಯಿತು! ಇದನ್ನು ಹೇಳಿದ್ದು ಇಂದಿನವರನ್ನು ಹೀಗಳೆಯಲಿಕ್ಕಲ್ಲ. ದೂರದ ಓಟ ಒಂದೆರಡು ವಾರದಲ್ಲಿ ಕಲಿಯುವ ವಿದ್ಯೆಯಲ್ಲವೆಂಬುದು ಇದರಿಂದ ಮನದಟ್ಟಾಗಲಿ ಎಂದಷ್ಟೇ.

ನೇಮಕಾತಿಯ ಪ್ರಕಟಣೆ ಹೊರಬಿದ್ದ ಮೇಲೆ ಓಡತೊಡಗುವ ತರುಣರು ಮಾಡುವ ತಪ್ಪು ಇಲ್ಲಿಯೇ ಇದೆ. ಅವರು ದಿನವೂ 1600 ಮೀಟರನ್ನೇ, ದಿನವೂ ಪ್ರಾಣ ಹೋಗುವಂತೆ, ಗಡಿಯಾರ ಹಿಡಿದು ಓಡುತ್ತಾರೆ. ಮೊದಲ ಎರಡು ವಾರ ಸೆಕೆಂಡುಗಳು ಸರಸರನೆ ಇಳಿಯುತ್ತವೆ. ಮೂರನೆಯ ವಾರ ಇಳಿಯುವುದು ನಿಲ್ಲುತ್ತದೆ. ನಾಲ್ಕನೆಯ ವಾರ ಕಣಕಾಲಿನ ಎಲುಬಿನ ಗುಂಟ ನೋವು ಕಾಣಿಸಿಕೊಳ್ಳುತ್ತದೆ. ಪರೀಕ್ಷೆಯ ದಿನ ಹತ್ತಿರ ಬರುತ್ತಿರುವಾಗ ಹುಡುಗ ಹಾಸಿಗೆ ಹಿಡಿಯುತ್ತಾನೆ. ವಯೋಮಿತಿ ಯಾರಿಗಾಗಿಯೂ ಕಾಯುವುದಿಲ್ಲ. ಒಂದು ಸರದಿ ತಪ್ಪಿತೆಂದರೆ ಕೆಲವರ ಪಾಲಿಗೆ ಬಾಗಿಲು ಮುಚ್ಚಿದಂತೆಯೇ.

ಉಸಿರಿಗೆ ಒಂದು ಲೆಕ್ಕ, ಎಲುಬಿಗೆ ಇನ್ನೊಂದು

ಇದಕ್ಕೆ ಕಾರಣ ಶರೀರದ ರಚನೆಯಲ್ಲಿಯೇ ಇದೆ. ಓಡತೊಡಗಿದ ಕೆಲವೇ ವಾರಗಳಲ್ಲಿ ಹೃದಯವೂ ರಕ್ತವೂ ಹೊಸ ದುಡಿಮೆಗೆ ಒಗ್ಗಿಕೊಳ್ಳುತ್ತವೆ. ಆದರೆ ಎಲುಬು, ಸ್ನಾಯುರಜ್ಜು ಇವು ಬಲವಾಗಲು ತಿಂಗಳುಗಳೇ ಬೇಕು. ಉಸಿರು "ನಡೆ ಮುಂದೆ" ಎನ್ನುತ್ತದೆ. ಎಲುಬು "ತಾಳು" ಎನ್ನುತ್ತದೆ. ಉಸಿರಿನ ಮಾತನ್ನಷ್ಟೇ ಕೇಳಿದವನಿಗೆ ಪೆಟ್ಟು ತಪ್ಪದು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆ ಹಣದ ಖರ್ಚಿಗೆ ಮಾತ್ರ ಹೇಳಿದ್ದಲ್ಲ.

ವಾರದಿಂದ ವಾರಕ್ಕೆ ದೂರವನ್ನು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸಬಾರದೆಂಬ ಸೂತ್ರ ಓಟಗಾರರಲ್ಲಿ ಬಹಳ ಪ್ರಚಾರದಲ್ಲಿದೆ. ನೆದರ್ಲೆಂಡ್ಸಿನ ಗ್ರೋನಿಂಗೆನ್ ನಗರದಲ್ಲಿ ಹೊಸ ಓಟಗಾರರ ಮೇಲೆ ಇದನ್ನೇ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪು ಈ ಸೂತ್ರದಂತೆ 13 ವಾರ, ಇನ್ನೊಂದು ಗುಂಪು ತುಸು ವೇಗವಾಗಿ 8 ವಾರ ತಯಾರಿ ನಡೆಸಿತು. ಎರಡೂ ಗುಂಪುಗಳಲ್ಲಿ ಐವರಲ್ಲಿ ಒಬ್ಬರಂತೆ ನೋವಿಗೆ ತುತ್ತಾದರು! ಅಂದಮೇಲೆ ಲೆಕ್ಕದ ಪಟ್ಟಿಯೊಂದೇ ಕಾಲನ್ನು ಕಾಪಾಡಲಾರದು. ಓಡುತ್ತಾ ಹೋದಂತೆ ಕಡಮೆಯಾಗುವ ಬಿಗಿತಕ್ಕೆ ಅಂಜಬೇಕಿಲ್ಲ. ಓಡಿದಂತೆಲ್ಲ ಹೆಚ್ಚುವ, ಒಂದೇ ಬೆರಳಿನಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ಕಾಡುವ ಎಲುಬಿನ ನೋವನ್ನು ಮಾತ್ರ ಅಲಕ್ಷಿಸಕೂಡದು; ಓಟ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ನಿಂತರೆ ಗಳಿಸಿದ್ದೆಲ್ಲ ಹೋಯಿತೆಂಬ ಭಯ ಎಲ್ಲ ಓಟಗಾರರಿಗೂ ಇದ್ದದ್ದೇ. ಅವರಿಗೆ ಒಂದು ಸಮಾಧಾನದ ಸುದ್ದಿ. ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ಅಭ್ಯಾಸವನ್ನು ಬೇಕೆಂದೇ ನಿಲ್ಲಿಸಿ ಅಮೆರಿಕದ ಸಂಶೋಧಕರು 1984ರಲ್ಲಿ ಅಳೆದು ನೋಡಿದಾಗ, ಮೂರು ವಾರಗಳ ವಿಶ್ರಾಂತಿಯಲ್ಲಿ ಕುಗ್ಗಿದ್ದು ಅವರ ಶಕ್ತಿಯ ಶೇಕಡಾ 7ರಷ್ಟು ಮಾತ್ರ. ನೋಯುವ ಕಾಲಿಗೆ ಒಂದು ವಾರ ಬಿಡುವು ಕೊಟ್ಟವನು ಕಳೆದುಕೊಳ್ಳುವುದು ಅತ್ಯಲ್ಪ. ಕೊಡದವನು ಕಳೆದುಕೊಳ್ಳುವುದು ಎರಡು ಮೂರು ತಿಂಗಳು.

ಓಟ ಸಂಸಾರಸ್ಥರ ಬಳಿಗೆ ಬಂದ ಬಗೆ

ಪಂದ್ಯಕ್ಕಲ್ಲದೆ ಆರೋಗ್ಯಕ್ಕಾಗಿ ಸಾಮಾನ್ಯರು ಮೆಲ್ಲನೆ ಓಡುವ ಪದ್ಧತಿಗೆ ಪ್ರಚಾರ ದೊರೆತದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿನ ಪ್ರಸಿದ್ಧ ಶಿಕ್ಷಕ ಆರ್ಥರ್ ಲಿಡಿಯಾರ್ಡ್ ಅವರ ಪ್ರೇರಣೆಯಿಂದ 1962ರಲ್ಲಿ ಆಕ್ಲೆಂಡ್ ನಗರದಲ್ಲಿ ಮಂದಗತಿಯ ಓಟಗಾರರ ಸಂಘವೊಂದು ಹುಟ್ಟಿತು. ಹೃದ್ರೋಗದಿಂದ ಚೇತರಿಸಿಕೊಂಡವರೂ ಅದರಲ್ಲಿದ್ದರು. ಅದೇ ವರ್ಷ ಅಲ್ಲಿಗೆ ಹೋದ ಅಮೆರಿಕದ ಶಿಕ್ಷಕ ಬಿಲ್ ಬೋವರ್‌ಮನ್ ಅವರಿಗೆ, ಎಪ್ಪತ್ತು ದಾಟಿದ ವೃದ್ಧರೊಬ್ಬರ ಸರಿಸಮ ಓಡಲಾಗದೆ ಮುಖಭಂಗವಾಯಿತಂತೆ! ತಮ್ಮ ದೇಶಕ್ಕೆ ಮರಳಿ ಅವರು ಈ ಪದ್ಧತಿಯನ್ನು ಸಾರಿದರು. 1967ರಲ್ಲಿ ಅವರ ಪುಸ್ತಕ ಹೊರಬಂದ ಮೇಲೆ ಅದು ಮನೆಮನೆಯ ಮಾತಾಯಿತು.

ಲಿಡಿಯಾರ್ಡರ ಉಪದೇಶ ಸರಳವಾದದ್ದು: ಪಳಗಿಸು, ದಣಿಸಬೇಡ. ಜೊತೆಗಾರನೊಡನೆ ಮಾತನಾಡುತ್ತ ಓಡಲಾಗುತ್ತಿದ್ದರೆ ವೇಗ ಸರಿಯಾಗಿದೆ; ಮಾತು ತುಂಡಾಗುತ್ತಿದ್ದರೆ ಹೆಚ್ಚಾಗಿದೆ. ವಾರದ ಓಟದಲ್ಲಿ ಬಹುಪಾಲು ಹೀಗೆ ಸಾವಕಾಶವಾಗಿ ಸಾಗಬೇಕು. ಒಂದೋ ಎರಡೋ ದಿನ ಮಾತ್ರ ವೇಗದ ಅಭ್ಯಾಸ. ನಾಲ್ಕು ಸುತ್ತಿನ ಪರೀಕ್ಷೆಗೆ ಕೂಡುವ ತರುಣನಿಗೂ, ರಕ್ತದೊತ್ತಡ ಇಳಿಸಿಕೊಳ್ಳಬೇಕೆಂಬ ಐವತ್ತರ ಗುಮಾಸ್ತರಿಗೂ ಅನ್ವಯಿಸುವ ಮಾತು ಇದು. ಎರಡನೆಯವರು ವೈದ್ಯರ ಅಪ್ಪಣೆ ಪಡೆದು, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆಯೆಂದು ಆರಂಭಿಸುವುದು ಒಳಿತು.

ಬಿಸಿಲು ಮತ್ತು ಎರೆಮಣ್ಣು

ನಮ್ಮ ಸೀಮೆಯ ಓಟಗಾರನಿಗೆ ಪುಸ್ತಕಗಳು ಹೇಳದ ವೈರಿಗಳು ಎರಡು. ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಂಗಾರು ಬಿದ್ದೊಡನೆ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಮಳೆಗಾಲಕ್ಕೆ ರಸ್ತೆ ಅಥವಾ ಗರಸಿನ ಮಡ್ಡಿಯೇ ಗತಿ. ಬಿಸಿಲಿಗೆ ಶರೀರ ಒಗ್ಗಲು ಸುಮಾರು ಎರಡು ವಾರ ಬೇಕು. ಆವರೆಗೆ ಹಳೆಯ ವೇಗವನ್ನು ಮರೆತು ಸೂರ್ಯೋದಯಕ್ಕೆ ಮುಂಚೆ ಮುಗಿಸುವುದೇ ಜಾಣತನ.

ನೀರಿನ ವಿಷಯದಲ್ಲಿಯೂ ಮಿತಿ ಬೇಕು. ಕುಡಿದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಉಪ್ಪಿನಂಶ ಅಪಾಯಕರವಾಗಿ ಇಳಿದಿತ್ತು. ಅತಿಯಾಗಿ ಕುಡಿದದ್ದೇ ಅದಕ್ಕೆ ಮುಖ್ಯ ಕಾರಣ. ಬಾಯಾರಿದಾಗ ಕುಡಿಯುವುದು, ಓಟದ ನಂತರ ಉಪ್ಪು ಬೆರೆಸಿದ ಮಜ್ಜಿಗೆ, ಒಂದು ಶೇಂಗಾದುಂಡಿ ಅಥವಾ ನಮ್ಮದೇ ತಿಕೋಟಾದ ಒಂದು ಹಿಡಿ ಒಣದ್ರಾಕ್ಷಿ—ಇಷ್ಟರಲ್ಲಿ ಸಾಮಾನ್ಯ ಓಟಗಾರನ ಅಗತ್ಯ ತೀರುತ್ತದೆ.

ಹೆಣ್ಣುಮಕ್ಕಳ ಹಾದಿ

ಹೆಂಗಸರಿಗೆ ಓಟ ಸಲ್ಲದೆಂಬ ಮಾತನ್ನು ಹಳ್ಳಿಯ ಹಿರಿಯರು ಮಾತ್ರ ಆಡಿದ್ದಲ್ಲ. ಒಲಿಂಪಿಕ್ಸಿನ ದೊಡ್ಡವರೂ ಆಡಿದರು. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೆಂಗಸರ 800 ಮೀಟರ್ ಓಟ ನಡೆದಾಗ, ಓಡಿದವರು ದಣಿದು ಕುಸಿದರೆಂದು ಪತ್ರಿಕೆಗಳು ಬೊಬ್ಬಿಟ್ಟವು. ಆ ಓಟವನ್ನು ತೆಗೆದುಹಾಕಿ 1960ರ ವರೆಗೂ ಮತ್ತೆ ಸೇರಿಸಲಿಲ್ಲ. ಮ್ಯಾರಥಾನ್ ಅವರಿಗೆ ದೊರೆತದ್ದು 1984ರಲ್ಲಿ. ಆ ವರ್ಷ ಲಾಸ್ ಏಂಜಲೀಸಿನಲ್ಲಿ ಗೆದ್ದ ಜೋನ್ ಬೆನೊಯಿಟ್ ತೆಗೆದುಕೊಂಡದ್ದು 2 ಗಂಟೆ 24 ನಿಮಿಷ 52 ಸೆಕೆಂಡು. 1920ರ ಗಂಡಸರ ವಿಜೇತನಿಗಿಂತಲೂ ಕಡಮೆ! ದೂರದಲ್ಲಿ ಅರ್ಧ ಕಿಲೋಮೀಟರಿನಷ್ಟು ಅಂತರವಿತ್ತೆಂದು ಕಳೆದರೂ ಆಕೆಯೇ ಮುಂದು.

ನಮ್ಮ ಕಡೆಯ ಹೆಣ್ಣುಮಗಳಿಗೆ ಕಾಲಿನ ಬಲಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ. ನಸುಕಿನ ನಿರ್ಜನ ಹಾದಿ, ಬೀದಿನಾಯಿ, ನೋಡುವವರ ಕಣ್ಣು, ಒಲೆಯ ಮೇಲಿನ ಕೆಲಸ. ಮಗ ಓಡಲು ಹೊರಟರೆ ತಾಯಿ ಹಾಲು ಕಾಯಿಸಿಟ್ಟು ಕಾಯುತ್ತಾಳೆ, ಮಗಳು ಹೊರಟರೆ "ಯಾರ ಜೊತೆಗೆ?" ಎಂಬ ಪ್ರಶ್ನೆ ಮೊದಲು. ಇಬ್ಬರೋ ಮೂವರೋ ಕೂಡಿ ಓಡುವ ಗೆಳತಿಯರ ಗುಂಪು, ಅಣ್ಣನೋ ತಂದೆಯೋ ಸೈಕಲ್ಲಿನ ಮೇಲೆ ಜೊತೆ—ಇಂತಹ ಸಣ್ಣ ಏರ್ಪಾಟುಗಳೇ ಅನೇಕ ಕಡೆ ಹಾದಿ ತೆರೆದಿವೆ. ಮನೆಯವರು ಯೋಚಿಸಬೇಕಾದ ವಿಷಯ ಇದು.

ಗುರಿ ಎಷ್ಟು ದೂರ?

ಓಟಕ್ಕೆ ಒಂದು ಗುರಿ ಇದ್ದರೆ ಬೆಳಗಿನ ನಿದ್ದೆ ತಾನಾಗಿ ಬಿಡುತ್ತದೆ. ವಿಜಯಪುರದಲ್ಲಿ ಗಿಡ ನೆಡುವ ಅಭಿಯಾನದೊಡನೆ ಬೆಸೆದುಕೊಂಡ ವೃಕ್ಷಥಾನ್ ಓಟ ಅಂತಹ ಗುರಿಯನ್ನು ಒದಗಿಸಿಕೊಟ್ಟಿದೆ. 2023ರ ಡಿಸೆಂಬರಿನಲ್ಲಿ ನಡೆದ ಆ ಓಟದಲ್ಲಿ 5, 10 ಮತ್ತು 21 ಕಿಲೋಮೀಟರುಗಳ ವಿಭಾಗಗಳಿದ್ದವು. ಅರಣ್ಯವೇ ಅಪರೂಪವಾದ ಜಿಲ್ಲೆಯಲ್ಲಿ ಓಟಗಾರರು ನೆರಳಿನ ಹೆಸರಿನಲ್ಲಿ ಓಡಿದ್ದು ಔಚಿತ್ಯವುಳ್ಳ ಸಂಗತಿ.

21 ಕಿಲೋಮೀಟರೆಂದರೆ ಹೆಚ್ಚು ಕಡಿಮೆ ವಿಜಯಪುರದಿಂದ ತಿಕೋಟಾಕ್ಕೆ ಹೋದಷ್ಟು. ಪೂರ್ಣ ಮ್ಯಾರಥಾನ್ ಎಂದರೆ ಹೋಗಿ ಮರಳಿ ಬಂದಷ್ಟು. ವಾರಕ್ಕೆ ಮೂರು ನಾಲ್ಕು ದಿನ ತಪ್ಪದೆ ಓಡುವ ಆರೋಗ್ಯವಂತನು ನಾಲ್ಕೈದು ತಿಂಗಳಲ್ಲಿ 10 ಕಿಲೋಮೀಟರನ್ನೂ, ವರ್ಷದೊಳಗೆ ತಿಕೋಟಾದ ದೂರವನ್ನೂ ಮುಟ್ಟಬಹುದು. ಇದಕ್ಕೆ ಬೇಕಾದ ಸಾಮಗ್ರಿ ಕಾಲಿಗೆ ಹೊಂದುವ ಒಂದು ಜೊತೆ ಬೂಟು, ಎರಡಾಣೆಯ ಬೆಲೆಯದೆಂದು ಹಿಂದೆ ಹೇಳುತ್ತಿದ್ದಂತಹ ಒಂದು ಸಾದಾ ನೋಟುಪುಸ್ತಕ. ಅದರಲ್ಲಿ ದಿನಾಂಕ, ದೂರ, ಹಿಡಿದ ಕಾಲ, ಮೈಯ ಸ್ಥಿತಿ ನಾಲ್ಕನ್ನು ಬರೆದಿಡಬೇಕು. ಓಡದ ದಿನವನ್ನೂ, ಅದರ ಕಾರಣವನ್ನೂ ಬರೆಯಬೇಕು. ಆರು ತಿಂಗಳ ನಂತರ ಪುಟ ತಿರುವಿದರೆ, ನೋವು ಬಂದದ್ದು ಯಾವ ಅತ್ಯಾಸೆಯ ವಾರದ ಮರುದಿನ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಅದಕ್ಕಿಂತ ಒಳ್ಳೆಯ ಗುರು ನಮ್ಮ ಊರುಗಳಲ್ಲಿ ಸುಲಭವಾಗಿ ಸಿಕ್ಕುವಂತಿಲ್ಲ.